ಒಲೆಯ ಲೆಕ್ಕ

ಮನೆಯವರು ಏನು ಉಂಡರು, ಏನು ಬಳಸಿದರು ಎಂದು ಮನೆಮನೆಗೆ ಹೋಗಿ ಕೇಳಿ ಬರೆಯುವುದೇ ಬಳಕೆ ವೆಚ್ಚದ ಸಮೀಕ್ಷೆ. ಶಿರಸಿ ಕಡೆಯ ಹಳ್ಳಿಗಳಲ್ಲಿ ಅದು ಶುರುವಾಗುವುದೇ ಮನೆಪಟ್ಟಿಯಿಂದ. ಹೆಚ್ಚು ತಪ್ಪುವುದೂ ಅಲ್ಲೇ. ಹಿಸ್ಸೆಯಾದ ಅಣ್ಣತಮ್ಮಂದಿರು ಒಂದೇ ಮಾಡಿನ ಕೆಳಗಿರುತ್ತಾರೆ; ಜಗಲಿ ಒಂದು, ಒಲೆ ಎರಡು. ಪಕ್ಕದ ಮನೆಯಲ್ಲಿ ರೇಷನ್ ಕಾರ್ಡ್ ಎರಡು, ಅಡುಗೆ ಒಂದೇ. ನಮ್ಮ ಲೆಕ್ಕಕ್ಕೆ ಕುಟುಂಬವೆಂದರೆ ಒಟ್ಟಿಗೆ ವಾಸವಿದ್ದು ಒಂದೇ ಅಡುಗೆ ಉಣ್ಣುವವರು. ಹಾಗಾಗಿ ಕಾರ್ಡ್ ನೋಡುವ ಮೊದಲೇ "ಒಲೆ ಎಷ್ಟು ಅಕ್ಕಾ?" ಎಂದು ಕೇಳಿಬಿಡಬೇಕು. ತೋಟದಾಚೆಯ ಒಂಟಿ ಮನೆಗಳು ರಸ್ತೆಯಿಂದ ಕಾಣುವುದಿಲ್ಲ. ಆಶಾ ಕಾರ್ಯಕರ್ತೆಯರನ್ನು, ಹಾಲಿನ ಡೇರಿಯವರನ್ನು ವಿಚಾರಿಸಿದರೆ ಒಂದೂ ಬಿಟ್ಟುಹೋಗುವುದಿಲ್ಲ.

ಅಕ್ಕಿಗೆ ತಾಳ್ಮೆ ಬೇಕು. "ತಿಂಗಳಿಗೆ ಎಷ್ಟು?" ಎಂದರೆ ಚೀಲದ ಲೆಕ್ಕ ಬರುತ್ತದೆ, ಅದು ತಂದಿದ್ದರ ಲೆಕ್ಕ. ನಮಗೆ ಬೇಕಾದ್ದು ಉಂಡಿದ್ದರ ಲೆಕ್ಕ. ಅವರು ದಿನವೂ ಅಳೆಯುವ ಲೋಟವನ್ನೇ ತರಿಸಿ, ಅವರ ಕೈಯಲ್ಲೇ ತುಂಬಿಸಿ, ತಕ್ಕಡಿಯಲ್ಲಿ ತೂಗಬೇಕು. ಗೋಪುರದಂತೆ ತುಂಬುತ್ತಾರೋ ಅಂಚಿಗೆ ಸಮವಾಗಿ ತುಂಬುತ್ತಾರೋ ನೋಡಬೇಕು. ಲೋಟಕ್ಕೆ ಅಷ್ಟಿಷ್ಟು ಗ್ರಾಂ ಹೆಚ್ಚುಕಡಿಮೆಯಾದರೂ ತಿಂಗಳಿಗೆ ಕೆಜಿಗಟ್ಟಲೆ ವ್ಯತ್ಯಾಸ. ಲೋಟಕ್ಕೆ 180 ಗ್ರಾಂ, ದಿನಕ್ಕೆ ಐದು ಲೋಟವೆಂದರೆ 30 ದಿನಕ್ಕೆ 27 ಕೆಜಿ. ದೋಸೆಗೆ ನೆನೆಸುವ ಅಕ್ಕಿಯನ್ನು ಬೇರೆಯಾಗಿ ಕೇಳಿ ಸೇರಿಸಬೇಕು. ಕೋಳಿಗೆ ಹಾಕಿದ್ದು, ಆಕಳ ಬಾನಿಗೆ ಬಿದ್ದದ್ದು ಸೇರಬಾರದು. ಅನ್ನಭಾಗ್ಯದ ಅಕ್ಕಿಗೆ ದುಡ್ಡು ಕೊಟ್ಟಿಲ್ಲವೆಂದು ಬಿಡುವಂತಿಲ್ಲ, ಪ್ರಮಾಣ ಬರೆಯಲೇಬೇಕು.

ಕರಾವಳಿಗೆ ಇಳಿದರೆ ಮೀನಿನ ಪ್ರಶ್ನೆ. ಮೀನಿಗೆ ಕೇಳುವುದು ಹಿಂದಿನ 7 ದಿನದ ಬಳಕೆ ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಕಾರವಾರದ ಮನೆಯಲ್ಲಿ "ಮೀನು ತಂದೇ ಇಲ್ಲ" ಎಂದರೆ ಸೊನ್ನೆ ಬರೆದು ಮುಂದೆ ಹೋಗಬೇಡಿ. ಬೇಸಿಗೆಯಲ್ಲಿ ತುಂಬಿಟ್ಟ ಒಣಮೀನು ಡಬ್ಬಿಯಲ್ಲಿರುತ್ತದೆ. ತಂದದ್ದು ಮೇ ತಿಂಗಳಲ್ಲಾದರೂ ಈ ವಾರ ತಿಂದಿದ್ದು ಈ ವಾರಕ್ಕೇ ಸೇರುತ್ತದೆ. ದೋಣಿಗೆ ಹೋದವರು ಮನೆಗೆ ತರುವ ಪಾಲು, ಅಘನಾಶಿನಿ ಅಳಿವೆಯಲ್ಲಿ ಆಯ್ದ ಬಳಚು ಎಂಬ ಚಿಪ್ಪುಮೀನು, ಇವ್ಯಾವುವೂ "ಖರ್ಚು ಎಷ್ಟು?" ಎಂಬ ಪ್ರಶ್ನೆಗೆ ಸಿಗುವುದಿಲ್ಲ. "ನಿನ್ನೆ ಏನು ಸಾರು? ಮೊನ್ನೆ?" ಎಂದು ದಿನದಿನ ಹಿಂದೆ ಹೋದರೆ ತಾನಾಗಿ ನೆನಪಾಗುತ್ತದೆ. ಕೊಳ್ಳದೆ ಉಂಡಿದ್ದನ್ನು ಬಿಟ್ಟರೆ ಈ ಜಿಲ್ಲೆಯ ಮನೆಗಳು ಇದ್ದದ್ದಕ್ಕಿಂತ ಬಡವಾಗಿ ಕಾಣುತ್ತವೆ, ಅದು ಅವರಿಗೆ ಮಾಡುವ ಅನ್ಯಾಯ.

ಕೊಳ್ಳದೆ ಬಳಸಿದ್ದಕ್ಕೆ ಬೆಲೆ ಕಟ್ಟುವಾಗಲೂ ಎಚ್ಚರ ಬೇಕು. ಸ್ವಂತ ತೋಟದ ತೆಂಗಿನಕಾಯಿಗೆ ತೋಟದಲ್ಲೇ ಮಾರಿದರೆ ಸಿಗುವ ದರ. ನೆಂಟರು ಕೊಟ್ಟ ಕಾಯಿಗೆ, ಬೆಟ್ಟದಿಂದ ತಂದ ಕಟ್ಟಿಗೆಗೆ ಊರಿನ ಚಿಲ್ಲರೆ ದರ.

ಹೊತ್ತು ನೋಡಿ ಹೋಗಬೇಕು. ಮೀನು ಮಾರುವ ಹೆಂಗಸರು ಮಧ್ಯಾಹ್ನದವರೆಗೆ ಪೇಟೆಯಲ್ಲಿರುತ್ತಾರೆ. ಅಡಿಕೆ ಕೊಯ್ಲಿನಲ್ಲಿ ಹಗಲು ಯಾರೂ ಸಿಗುವುದಿಲ್ಲ. ಸಂಜೆ ಸುಲಿಯಲು ಕೂತಾಗ ಮಾತಾಡುತ್ತಾರೆ, ಕೈ ನಿಲ್ಲಿಸಲು ಹೇಳಬಾರದು. 2022-23ರ ಸಮೀಕ್ಷೆಯಿಂದ ಪ್ರಶ್ನಾವಳಿ ಮೂರು ಭಾಗವಾಗಿದೆ. ಅದೇ ಮನೆಗೆ ತಿಂಗಳಿಗೊಮ್ಮೆಯಂತೆ ಮೂರು ಸಲ ಹೋಗಬೇಕು. ಮೊದಲ ದಿನ ಅವಸರಪಡಿಸಿದರೆ ಎರಡನೇ ಸಲ ಬಾಗಿಲಲ್ಲೇ "ಆಮೇಲೆ ಬನ್ನಿ" ಎನ್ನುತ್ತಾರೆ.

ಏಳುವ ಮೊದಲು ಟ್ಯಾಬ್‌ನಲ್ಲಿ ಸೊನ್ನೆಗಳನ್ನಷ್ಟೇ ಒಮ್ಮೆ ಓದಿ. ಉಪ್ಪು ಸೊನ್ನೆ, ಉರುವಲು ಸೊನ್ನೆ ಇದ್ದರೆ ಯಜಮಾನಿತಿ ಎದುರಿರುವಾಗಲೇ ಕೇಳಿ ತುಂಬಿಕೊಳ್ಳಿ. ಘಟ್ಟದ ಕೆಳಗೆ ನೆಟ್‌ವರ್ಕ್ ಸಿಕ್ಕಮೇಲೆ ಫೋನ್ ಮಾಡೋಣವೆಂದರೆ ಅವರ ಕಡೆ ನೆಟ್‌ವರ್ಕ್ ಇರುವುದಿಲ್ಲ.