ಭಾವನ ರೀಲು, ಲೇಕ್ ಫೋರ್ಕಿನ ಬಾಸು

ಭಾವನ ಗ್ಯಾರೇಜಿನಲ್ಲಿ ಆ ಮೀನುಗಾಳದ ರೀಲು ಎರಡು ಬೇಸಿಗೆ ಕಳೆದಿತ್ತು. ಟೆಕ್ಸಾಸಿನ ಬೇಸಿಗೆ ಅಂದರೆ ಸುಮ್ನೆ ಅಲ್ಲ, ಕಾರಿನ ಬಾನೆಟ್ ಮೇಲೆ ಹಪ್ಪಳ ಒಣಗಿಸಬಹುದು. ಹುಲ್ಲು ಕತ್ತರಿಸುವ ಮೆಷಿನ್ನಿನ ಹಿಂದೆ, ಅರ್ಧ ಖಾಲಿಯಾದ ಪೇಂಟ್ ಡಬ್ಬಿಯ ಪಕ್ಕ, ರಾಡಿನ ಸಮೇತ ಗೋಡೆಗೆ ಒರಗಿ ನಿಂತಿತ್ತು. ಹ್ಯಾಂಡಲ್ ತಿರುಗಿಸಿದೆ. ಕರ್ ಕರ್ ಅಂತು. ಒಳಗೆ ಮರಳು.

"ಇದನ್ನ ತಗೊಂಡು ಶನಿವಾರ ಲೇಕ್ ಫೋರ್ಕಿಗೆ ಹೋಗೋದಾ ಭಾವ?"

"ಯಾಕೆ ಮಾರಾಯ, ತಿರುಗ್ತಿದೆಯಲ್ಲ."

ನಾನು ಸಾಗರದವನು. ಅಕ್ಕ ಭಾವ ಇರುವುದು ಡಲ್ಲಾಸಿನ ಪಕ್ಕದ ಪ್ಲಾನೋದಲ್ಲಿ. ಮಾರ್ಚಿನಲ್ಲಿ ಅವರ ಮನೆಗೆ ಹೋಗುವ ಮೊದಲೇ ನನ್ನದೊಂದು ಬೇಡಿಕೆ ಇತ್ತು: ಊರು ಸುತ್ತಿಸದಿದ್ದರೂ ಪರವಾಗಿಲ್ಲ, ಲೇಕ್ ಫೋರ್ಕ್ ಜಲಾಶಯದಲ್ಲಿ ಒಂದು ದಿನ ಗಾಳ ಹಾಕಬೇಕು. ಬಾಸ್ ಅನ್ನೋ ಮೀನಿನ ಹುಚ್ಚು ಇರುವವರಿಗೆ ಈ ಹೆಸರು ಹೇಳಿದರೆ ಸಾಕು. ಟೆಕ್ಸಾಸಿನ ಅತಿ ದೊಡ್ಡ ಲಾರ್ಜ್‌ಮೌತ್ ಬಾಸ್ ಸಿಕ್ಕಿದ್ದು ಅಲ್ಲೇ, 1992ರ ಜನವರಿಯಲ್ಲಿ. ತೂಕ 18.18 ಪೌಂಡ್, ಅಂದರೆ ಎಂಟೂ ಕಾಲು ಕೆ.ಜಿ. ಹಿಡಿದ ಬ್ಯಾರಿ ಸೇಂಟ್ ಕ್ಲೇರ್ ಅವತ್ತು ಬಾಸ್ ಹಿಡಿಯೋಕೆ ಹೋಗಿರಲೇ ಇಲ್ಲ. ಕ್ರ್ಯಾಪಿ ಅನ್ನೋ ಸಣ್ಣ ಮೀನಿಗೆ ಮರಿಮೀನು ಕಟ್ಟಿ ಕೂತಿದ್ದರಂತೆ. ನಾವು ಸಾವಿರಾರು ರೂಪಾಯಿ ಲೂರಿಗೆ, ಅಂದರೆ ಮೀನನ್ನ ಮರುಳು ಮಾಡುವ ನಕಲಿ ಎರೆಗೆ, ಸುರಿಯುವವರು ಇದನ್ನ ಜಾಸ್ತಿ ಯೋಚಿಸಬಾರದು.

ಗುರುವಾರ ರಾತ್ರಿ ಊಟ ಮುಗಿದ ಮೇಲೆ ಅಡುಗೆಮನೆ ಟೇಬಲ್ ಮೇಲೆ ಹಳೇ ಟವೆಲ್ ಹಾಸಿ ರೀಲು ಬಿಚ್ಚಲು ಕೂತೆ. ಅದು ಬೇಟ್‌ಕಾಸ್ಟರ್, ಅಂದರೆ ಎಸೆಯುವಾಗ ದಾರ ಸುತ್ತಿದ ಉರುಳೆಯೇ, ಸ್ಪೂಲೇ, ತಿರುಗುವ ರೀಲು; 7.1ಕ್ಕೆ 1ರ ಗೇರ್. ಹ್ಯಾಂಡಲ್ ಒಂದು ಸುತ್ತು ಹಾಕಿದರೆ ಸ್ಪೂಲು ಏಳು ಸುತ್ತು ಹಾಕುತ್ತೆ. ಅಕ್ಕನ ಹತ್ತಿರ ಖಾಲಿ ಮೊಟ್ಟೆ ಟ್ರೇ ಕೇಳಿ ಇಸಕೊಂಡೆ. ಬಿಚ್ಚಿದ ಒಂದೊಂದು ತುಂಡನ್ನೂ ಒಂದೊಂದು ಗುಳಿಯಲ್ಲಿ ಸಾಲಾಗಿ ಇಡಬೇಕು. ಫೋನಲ್ಲಿ ಹಂತಹಂತಕ್ಕೆ ಫೋಟೋ ತೆಗೆಯಬೇಕು. ಬಿಚ್ಚುವಾಗ ಎಲ್ಲಾ ನೆನಪಿರುತ್ತೆ ಅನ್ಸುತ್ತೆ. ಜೋಡಿಸುವಾಗ ಒಂದು ವಾಶರ್ ಕೈಯಲ್ಲಿ ಉಳಿಯುತ್ತೆ.

ಮೊದಲು ಕಂಡಿದ್ದು ಡ್ರ್ಯಾಗ್, ಮೀನು ಜೋರಾಗಿ ಎಳೆದಾಗ ದಾರ ಕಡಿಯದಂತೆ ಜಾರಿಬಿಡುವ ಬ್ರೇಕು. ಭಾವ ಆ ನಕ್ಷತ್ರದಂಥ ಚಕ್ರವನ್ನ ಪೂರ್ತಿ ಬಿಗಿ ಮಾಡಿ ಇಟ್ಟಿದ್ದರು. ಎರಡು ವರ್ಷ ಹಾಗೇ ಒತ್ತಿಕೊಂಡು ಕೂತರೆ ಒಳಗಿನ ವಾಶರುಗಳು ಏನಾಗಬೇಕು? ಪುಣ್ಯಕ್ಕೆ ಇವು ಕಾರ್ಬನ್ನಿನವು, ಒರೆಸಿದ ಮೇಲೆ ಮತ್ತೆ ಸಲೀಸಾಗಿ ಜಾರಿದವು. ಮನೆಗೆ ಬಂದ ಮೇಲೆ ಡ್ರ್ಯಾಗ್ ಸಡಿಲ ಮಾಡಿ ಇಡೋದು ಎರಡು ಸೆಕೆಂಡಿನ ಕೆಲಸ. ದೊಡ್ಡ ಗೇರಿನ ಹಲ್ಲುಗಳ ನಡುವೆ ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೆಗೆದು ಹೊಸದು ತೆಳ್ಳಗೆ ಬಳಿದೆ. ದಾರವನ್ನ ಅತ್ತಿಂದಿತ್ತ ಓಡಾಡಿಸಿ ಸಮ ಸುತ್ತಿಸುವ ತಿರುಪಿನ ಕಡ್ಡಿ ಇದೆಯಲ್ಲ, ಕರ್ ಕರ್ ಅಂತಿದ್ದಿದ್ದು ಅದೇ. ಅದರ ಗೆರೆಗಳ ತುಂಬಾ ಮರಳು.

ಸ್ಪೂಲಿನ ಎರಡು ಬೇರಿಂಗನ್ನ ಸ್ಪಿರಿಟ್ಟಿನಲ್ಲಿ ಅಲ್ಲಾಡಿಸಿ, ಒಣಗಿಸಿ, ಒಂದೊಂದೇ ಹನಿ ತೆಳು ಎಣ್ಣೆ ಬಿಟ್ಟೆ. ಒಂದೇ ಹನಿ. ಎಣ್ಣೆ ಜಾಸ್ತಿಯಾದರೆ ಸ್ಪೂಲು ಸೋಮಾರಿಯಾಗುತ್ತೆ, ಲೂರು ದೂರ ಹೋಗಲ್ಲ. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಬೇರಿಂಗನ್ನ ಮಾತ್ರ ಮುಟ್ಟಲಿಲ್ಲ. ಅದಕ್ಕೆ ಗ್ರೀಸು ತಾಗಿದರೆ ಅದು ಜಾರತೊಡಗುತ್ತೆ, ಮೀನಿಗೆ ಹುಕ್ ಹೊಡೆಯುವ ಹೊತ್ತಿಗೇ ಕೈ ಕೊಡುತ್ತೆ.

ಎಣ್ಣೆ ವಿಷಯದಲ್ಲಿ ನಾನು ಒಮ್ಮೆ ಸರಿಯಾಗಿ ಪಾಠ ಕಲಿತವನು. ಕಾಲೇಜಿನ ದಿನಗಳಲ್ಲಿ ನನ್ನ ಮೊದಲ ರೀಲಿಗೆ ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಹಾಕಿದ್ದೆ. ಮೇ ತಿಂಗಳಲ್ಲಿ ಬೆಣ್ಣೆಯ ಹಾಗೆ ತಿರುಗಿತು. ಡಿಸೆಂಬರಿನ ಒಂದು ಬೆಳಿಗ್ಗೆ ಶರಾವತಿ ಹಿನ್ನೀರಿಗೆ ಹೋಗಿ ಹ್ಯಾಂಡಲ್ ಹಿಡಿದರೆ ಅಲ್ಲಾಡಲ್ಲ. ಬಚ್ಚಲಲ್ಲಿದ್ದ ಬಾಟಲಿಯ ಹಾಗೆ ರೀಲಿನೊಳಗೂ ಎಣ್ಣೆ ಹೆಪ್ಪುಗಟ್ಟಿತ್ತು. ಬಿಸಿಲು ಏರುವ ತನಕ ರೀಲನ್ನ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದೆ. ಆಮೇಲೆ ಹೊಲಿಗೆ ಮೆಷಿನ್ ಎಣ್ಣೆಗೆ ಬಂದೆ.

ಇಷ್ಟೆಲ್ಲಾ ಮುಗಿಸಿ ಜೋಡಿಸುವಾಗ ಟಿಂಗ್ ಅಂತು. ಪಿನಿಯನ್ ಅನ್ನೋ ಸಣ್ಣ ಗೇರನ್ನ ಹಿಡಿದಿರುವ ತುಂಡಿನ ಕೆಳಗೆ ಎರಡು ಪುಟಾಣಿ ಸ್ಪ್ರಿಂಗ್ ಇರುತ್ತೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಒಂದು ಹಾರಿತು. ಅದಿಲ್ಲದಿದ್ದರೆ ಗೇರು ಸರಿಯಾಗಿ ಕಚ್ಚಿಕೊಳ್ಳಲ್ಲ. ನಾನೂ ಭಾವನೂ ಫೋನಿನ ಟಾರ್ಚ್ ಹಿಡಿದು ಮೊಣಕಾಲ ಮೇಲೆ ಅಡುಗೆಮನೆಯೆಲ್ಲ ತೆವಳಿದೆವು. ಅರ್ಧ ಗಂಟೆ ಆಯಿತು. ಅಕ್ಕ ಏನೂ ಮಾತಾಡದೆ ಪೊರಕೆ ತಂದು ಫ್ರಿಜ್ಜಿನ ಕೆಳಗೆ ಒಮ್ಮೆ ಎಳೆದಳು. ಎರಡು ಕಡಲೆಬೇಳೆ, ಒಂದು ರಬ್ಬರ್ ಬ್ಯಾಂಡ್, ಒಂದು ಸ್ಪ್ರಿಂಗ್.

ಇಂಥ ರೀಲಿನ ಪೂರ್ವಜರನ್ನ ಅಮೆರಿಕದಲ್ಲಿ ಮೊದಲು ಮಾಡಿದವರು ಗಡಿಯಾರದವರು. ಕೆಂಟಕಿಯ ಪ್ಯಾರಿಸ್ ಅನ್ನೋ ಊರಿನ ಜಾರ್ಜ್ ಸ್ನೈಡರ್ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲೇ ಗೇರಿನ ರೀಲು ಮಾಡಿದ್ದರು. ಆ ರಾತ್ರಿ ಅವರ ಕಷ್ಟ ಅರ್ಥವಾಯಿತು.

ಹಳೇ ದಾರವನ್ನೂ ಬಿಸಾಡಿದೆವು. ಭಾವ ಹೆಣೆದ ದಾರವನ್ನ, ಅಂದರೆ ಬ್ರೇಡನ್ನ, ನುಣ್ಣನೆ ಲೋಹದ ಸ್ಪೂಲಿಗೆ ನೇರವಾಗಿ ಕಟ್ಟಿದ್ದರು. ಹಾಗೆ ಕಟ್ಟಿದರೆ ಮೀನು ಎಳೆದಾಗ ಇಡೀ ಉಂಡೆಯೇ ಸ್ಪೂಲಿನ ಮೇಲೆ ಜಾರಿ ತಿರುಗುತ್ತೆ. ಅಡಿಯಲ್ಲಿ ನಾಲ್ಕು ಸುತ್ತು ನೈಲಾನ್ ದಾರ ಇದ್ದಿದ್ದರೆ ಸಾಕಿತ್ತು. ಈ ಸಲ 15 ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ ದಾರ ಸುತ್ತಿದೆವು, ಸ್ಪೂಲಿನ ಅಂಚಿಗೆ ಮೂರು ಮಿಲಿಮೀಟರ್ ಕಮ್ಮಿ ಇರುವಷ್ಟು.

ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಗ್ರೀನ್‌ವಿಲ್ ತನಕ ಹೆದ್ದಾರಿ, ಆಮೇಲೆ 69ರ ರಸ್ತೆಯಲ್ಲಿ ಎಮೊರಿ ಕಡೆಗೆ. ಒಂದೂವರೆ ಗಂಟೆಯ ದಾರಿ. ಕತ್ತಲಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಬೋಟು ಎಳೆದುಕೊಂಡು ಹೋಗುವ ಪಿಕಪ್ಪುಗಳ ಹಿಂಬದಿ ದೀಪ ಬಿಟ್ಟರೆ. ಎಲ್ಲರೂ ಒಂದೇ ಜಾತ್ರೆಗೆ ಹೊರಟ ಹಾಗಿತ್ತು.

ಬೆಳಕಾದಾಗ ಕೆರೆ ಕಂಡಿತು. ಕೆರೆ ಅನ್ನೋದು ಮಾತಿಗೆ, ಸುಮಾರು 27,000 ಎಕರೆಯ ಜಲಾಶಯ ಅದು. ಸಬೀನ್ ನದಿಗೆ ಸೇರುವ ಲೇಕ್ ಫೋರ್ಕ್ ಹಳ್ಳಕ್ಕೆ ಅಡ್ಡ ಕಟ್ಟಿದ ಅಣೆಕಟ್ಟು, 1980ರಲ್ಲಿ ನೀರು ತಡೆದು ನಿಲ್ಲಿಸಿದ್ದು. ಮಂಜಿನಲ್ಲಿ ಒಣಮರಗಳು ನೀರಿನಿಂದ ಎದ್ದು ನಿಂತಿದ್ದವು, ನೂರಾರು. ನನಗೆ ಒಂದು ಕ್ಷಣ ಶರಾವತಿ ಹಿನ್ನೀರಿನ ಹೊನ್ನೆಮರಡು ನೆನಪಾಯಿತು. 1964ರಲ್ಲಿ ಲಿಂಗನಮಕ್ಕಿ ಮುಗಿದ ಮೇಲೆ ಮುಳುಗಿದ ಕಾಡಿನ ಬೊಡ್ಡೆಗಳು ಬೇಸಿಗೆಯಲ್ಲಿ ಹೀಗೇ ಮೇಲೆ ಬರುತ್ತವೆ. ಅಜ್ಜಿಯ ತವರು ಆ ನೀರಿನಡಿ ಇದೆ. ಇಲ್ಲಿ ಮರಗಳನ್ನ ಮೀನಿಗೆ ಅಂತಲೇ ಕಡಿಯದೆ ಬಿಟ್ಟಿದ್ದಾರೆ. ನೀರು ತುಂಬುವ ಮೊದಲೇ ಅಲ್ಲಿದ್ದ ಹೊಂಡಗಳಿಗೆ ಫ್ಲೋರಿಡಾ ತಳಿಯ ಬಾಸ್ ಮರಿ ಬಿಟ್ಟಿದ್ದರಂತೆ. ಭಾವನಿಗೆ ಇದನ್ನೆಲ್ಲ ಹೇಳಲಿಲ್ಲ. ಅವರು ಕಾಫಿ ಫ್ಲಾಸ್ಕಿನ ಮುಚ್ಚಳ ತೆಗೆಯಲು ಒದ್ದಾಡುತ್ತಿದ್ದರು.

ಗೈಡ್ ಅರವತ್ತು ದಾಟಿದ ಮನುಷ್ಯ. ಕೈ ಕುಲುಕುವಾಗ ಹೆಬ್ಬೆರಳು ಉಪ್ಪುಕಾಗದದ ಹಾಗಿತ್ತು. ನನ್ನ ಲೈಸೆನ್ಸ್ ಇದೆಯಾ ಕೇಳಿದ, ನಮ್ಮ ರೀಲು ತಿರುಗಿಸಿ ನೋಡಿ ಹುಬ್ಬು ಏರಿಸಿದ. ಭಾವ ನನ್ನ ಕಡೆ ನೋಡಿ ಎದೆ ಉಬ್ಬಿಸಿದರು, ಅವರೇ ಸರ್ವಿಸ್ ಮಾಡಿದವರ ಹಾಗೆ.

ನೀರಿನ ಬಿಸಿ 57 ಡಿಗ್ರಿ ಫ್ಯಾರನ್‌ಹೀಟ್ ಅಂತ ಬೋಟಿನ ಪರದೆ ತೋರಿಸಿತು, ನಮ್ಮ ಲೆಕ್ಕದಲ್ಲಿ 14. ನೀರು ಅರವತ್ತು ದಾಟುವ ಹೊತ್ತಿಗೆ ಬಾಸ್ ಮೊಟ್ಟೆ ಇಡಲು ದಡಕ್ಕೆ ಬರುತ್ತೆ. ಅದಕ್ಕೂ ಮೊದಲು ಆಳಕ್ಕೂ ದಡಕ್ಕೂ ನಡುವೆ ನೀರಹುಲ್ಲಿನ ಅಂಚಿನಲ್ಲಿ ನಿಂತು ಹೊಟ್ಟೆ ತುಂಬಿಸಿಕೊಳ್ಳುತ್ತೆ. ಗೈಡ್ ಕೊಟ್ಟಿದ್ದು ಕೆಂಪು ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್. ಚಪ್ಪಟೆ ಮೀನಿನ ಆಕಾರ, ಹೊಟ್ಟೆಯಲ್ಲಿ ಗುಂಡುಗಳು, ಅಲ್ಲಾಡಿಸಿದರೆ ಗಿಲಕಿಯ ಸದ್ದು. ಪೂರ್ವ ಟೆಕ್ಸಾಸಿನಲ್ಲಿ ವಸಂತ ಬಂತು ಅಂದರೆ ಕೆಂಪು ಬಣ್ಣವೇ. ಈ ಹೊತ್ತಿನಲ್ಲಿ ಕ್ರಾಫಿಶ್ ಅನ್ನೋ ಸಿಗಡಿಯಂಥ ಜೀವಿ ಓಡಾಡುತ್ತೆ, ಅದು ಕೆಂಪು ಅಂತ ವಿವರಣೆ.

ಮೊದಲ ಎಸೆತ ನನ್ನದು. ಊರಲ್ಲಿ ಕೊರವ ಮೀನಿಗೆ ಕಪ್ಪೆ ಲೂರು ಎಸೆದು ರೂಢಿ ಇದೆ, ಆದರೆ ಜಾಸ್ತಿ ಸ್ಪಿನ್ನಿಂಗ್ ರೀಲಿನಲ್ಲಿ, ಎಸೆಯುವಾಗ ಸ್ಪೂಲು ತಿರುಗದಂಥದ್ದು. ಗಾಳಿ ಎದುರಿಗೆ ಬೀಸುತ್ತಿತ್ತು. ಜೋರಾಗಿ ಬೀಸಿದೆ. ಲೂರು ಹದಿನೈದು ಅಡಿ ಹೋಗಿ ಗಾಳಿಗೆ ನಿಧಾನವಾಯಿತು, ಸ್ಪೂಲಿಗೆ ಆ ಸುದ್ದಿ ಮುಟ್ಟಲಿಲ್ಲ. ಅದು ತನ್ನ ಪಾಡಿಗೆ ತಿರುಗುತ್ತಾ ದಾರ ಕಕ್ಕಿತು. ಇಲ್ಲಿನವರು ಈ ಸಿಕ್ಕನ್ನ ಹಕ್ಕಿಗೂಡು ಅಂತಾರೆ. ಗೀಜಗನ ಗೂಡಿಗಾದರೂ ಒಂದು ಬಾಗಿಲು ಇರುತ್ತೆ.

ನಾನು ಉಗುರಲ್ಲಿ ಕುಣಿಕೆ ಕೀಳತೊಡಗಿದೆ. ಗೈಡ್ ತಡೆದ. ಹೆಬ್ಬೆರಳನ್ನ ಸ್ಪೂಲಿನ ಮೇಲೆ ಗಟ್ಟಿಯಾಗಿ ಒತ್ತು, ಹಾಗೇ ಒತ್ತಿಕೊಂಡು ಹ್ಯಾಂಡಲ್ ಎರಡು ಮೂರು ಸುತ್ತು ತಿರುಗಿಸು, ಆಮೇಲೆ ಸ್ಪೂಲನ್ನ ಸಡಿಲ ಬಿಡುವ ಬಟನ್ ಒತ್ತಿ ದಾರ ಮೆಲ್ಲಗೆ ಎಳೆ ಅಂದ. ಎಳೆದೆ. ಅರ್ಧ ಸಿಕ್ಕು ತಾನಾಗೇ ಬಿಚ್ಚಿಕೊಂಡಿತು. ಇನ್ನೊಮ್ಮೆ ಹಾಗೇ ಮಾಡಿದೆ. ಪೂರ್ತಿ ಬಿಚ್ಚಿತು. ಹದಿನೈದು ವರ್ಷ ಕತ್ತರಿ ಹಿಡಿದು ಎಷ್ಟು ಮೀಟರ್ ದಾರ ಕತ್ತರಿಸಿ ಎಸೆದಿದ್ದೀನೋ.

ಆಮೇಲೆ ಅವನೇ ರೀಲು ಹೊಂದಿಸಿದ. ರಾಡ್ ತುದಿಯಿಂದ ಲೂರು ನೇತಾಡಿಸಿ ಬಟನ್ ಒತ್ತಬೇಕು. ಲೂರು ನಿಧಾನ ಇಳಿದು ಬೋಟಿನ ನೆಲ ಮುಟ್ಟಿದ ಕೂಡಲೇ ಸ್ಪೂಲು ನಿಲ್ಲಬೇಕು. ಹ್ಯಾಂಡಲ್ ಪಕ್ಕದ ಸಣ್ಣ ತಿರುಪು ಇರೋದು ಅದಕ್ಕೇ. ಇನ್ನೊಂದು ಬದಿಯ ಆಯಸ್ಕಾಂತದ ಬ್ರೇಕನ್ನ ಏಳಕ್ಕೆ ಇಟ್ಟ. "ಗಂಟೆಗೊಂದು ಅಂಕಿ ಕಮ್ಮಿ ಮಾಡ್ತಾ ಬಾ. ಉಳಿದ ಬ್ರೇಕು ನಿನ್ನ ಬೆರಳು" ಅಂದ. ಲೂರು ನೀರು ಮುಟ್ಟುವ ಮುಂಚೆ ಹೆಬ್ಬೆರಳು ಸ್ಪೂಲು ಮುಟ್ಟಬೇಕು. ಅಷ್ಟೇ, ಆದರೆ ಅಷ್ಟು ಬರುವ ಹೊತ್ತಿಗೆ ಬೆಳಿಗ್ಗೆ ಹತ್ತು ಗಂಟೆಯಾಗಿತ್ತು.

ಒಂಬತ್ತಕ್ಕೆ ಭಾವನಿಗೆ ಒಂದು ಸಿಕ್ಕಿತ್ತು, 13 ಇಂಚು. ಫೋಟೋಕ್ಕೆ ನಗುವಾಗ ಕೈ ಜಾರಿ ನೀರಿಗೆ ಬಿತ್ತು.

ನನ್ನದು ಹತ್ತೂವರೆಗೆ. ಲೂರು ಹುಲ್ಲಿಗೆ ಸಿಕ್ಕಿಕೊಂಡಿತು. ರಾಡನ್ನ ಚಟ್ ಅಂತ ಎಳೆದು ಬಿಡಿಸಿದೆ. ಬಿಡಿಸಿಕೊಂಡು ಎರಡು ಅಡಿ ಹೋಗಿರಬೇಕು, ಮತ್ತೆ ಸಿಕ್ಕಿಕೊಂಡಿತು ಅನ್ನಿಸಿತು. ಈ ಸಲ ಹುಲ್ಲು ಓಡತೊಡಗಿತು. ಡ್ರ್ಯಾಗ್ ಸುಯ್ ಅಂತ ದಾರ ಬಿಟ್ಟಿತು, ಒಂದು ಚೂರೂ ತಡವರಿಸದೆ. ಗುರುವಾರ ರಾತ್ರಿ ಒರೆಸಿದ ಆ ವಾಶರುಗಳು. ಮೀನು ಮೇಲೆ ಬಂದು ತಲೆ ಕೊಡವಿತು, ಬಾಯಿ ಪೂರ್ತಿ ತೆರೆದು. ಲಾರ್ಜ್‌ಮೌತ್ ಅನ್ನೋ ಹೆಸರು ಯಾಕೆ ಅಂತ ಆಗ ಗೊತ್ತಾಯಿತು. ಆ ಬಾಯಿ ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿದೆ. ಹಸಿರು ಮೈ, ಬದಿಯಲ್ಲಿ ಒಂದು ಕಪ್ಪು ಪಟ್ಟೆ.

ಕೆಳದುಟಿಯನ್ನ ಹೆಬ್ಬೆರಳಿಂದ ಹಿಡಿದು ಎತ್ತಬೇಕು, ಇನ್ನೊಂದು ಕೈ ಹೊಟ್ಟೆಯ ಕೆಳಗೆ. ಬಾಯೊಳಗೆ ಸಣ್ಣ ಹಲ್ಲುಗಳು, ಅರದ ಹಾಗೆ. ಅಳತೆ ಹಲಗೆಯ ಮೇಲೆ ಇಟ್ಟರು. 19 ಇಂಚು.

"ಬಿಡು" ಅಂದ ಗೈಡ್.

ಲೇಕ್ ಫೋರ್ಕಿನ ಕಾನೂನು ಅದು. 16ರಿಂದ 24 ಇಂಚಿನ ಬಾಸ್ ಇಟ್ಟುಕೊಳ್ಳುವ ಹಾಗಿಲ್ಲ. ಚಿಕ್ಕದನ್ನ ತಿನ್ನಬಹುದು, 24 ದಾಟಿದ್ದು ದಿನಕ್ಕೆ ಒಂದೇ. ನಡುವಿನವು ಬೆಳೆಯಲಿ ಅಂತ. ಇಲ್ಲಿ 1986ರ ನವೆಂಬರಿನಲ್ಲಿ ಮಾರ್ಕ್ ಸ್ಟೀವನ್ಸನ್ ಅನ್ನೋ ಗೈಡ್ 17.67 ಪೌಂಡಿನ ಮೀನು ಹಿಡಿದು ಸರ್ಕಾರದವರಿಗೆ ಕೊಟ್ಟರು. ಅದಕ್ಕೆ ಎಥೆಲ್ ಅಂತ ಹೆಸರು ಬಂತು. ದೊಡ್ಡ ಮೀನನ್ನ ಮರಿ ಮಾಡಿಸಲು ಸಾಲ ಕೊಡುವ ಶೇರ್‌ಲಂಕರ್ ಯೋಜನೆಯ ಮೊದಲ ಮೀನು ಅದೇ. ನಮ್ಮೂರ ಹೊಳೆಯಲ್ಲಿ ಇಷ್ಟು ದೊಡ್ಡ ಮೀನನ್ನ ಸಾಲ ಕೊಡಿ ಅಂದರೆ ಏನಾಗಬಹುದು ಅಂತ ಯೋಚಿಸುತ್ತಾ ನನ್ನ 19 ಇಂಚನ್ನ ನೀರಿಗೆ ಇಳಿಸಿದೆ. ಒಂದು ಕ್ಷಣ ಕೈಯಲ್ಲೇ ನಿಂತಿತ್ತು. ಬಾಲ ಬಡಿದು ಮುಖಕ್ಕೆ ನೀರು ಎರಚಿ ಹೋಯಿತು.

ಮಧ್ಯಾಹ್ನ ಬಿಸಿಲೇರಿದ ಮೇಲೆ ಟೆಕ್ಸಾಸ್ ರಿಗ್. ಬುಲೆಟ್ ಆಕಾರದ ಸೀಸ, ಹಿಂದೆ ಪ್ಲಾಸ್ಟಿಕ್ ಹುಳು, ಹುಕ್ಕಿನ ಮೊನೆ ಹುಳುವಿನೊಳಗೇ ಅಡಗಿರುತ್ತೆ. ಮರದ ಕೊಂಬೆಗಳ ನಡುವೆ ಎಳೆದರೂ ಸಿಕ್ಕಿಕೊಳ್ಳಲ್ಲ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಬೇಕು, ಒಣದಾರ ಉಜ್ಜಿ ಬಿಸಿಯಾದರೆ ಅಲ್ಲೇ ಕಡಿಯುತ್ತೆ. ಈ ರಬ್ಬರ್ ಹುಳುವಿನ ಕಂಪನಿಯೊಂದು ಇಲ್ಲೇ ಹತ್ತಿರದ ಟೈಲರ್ ಊರಿನಲ್ಲಿ ಬೆಳೆದಿದ್ದು. ನಿಕ್ ಕ್ರೀಮ್ ಅನ್ನುವವರು 1949ರಲ್ಲಿ ಒಹಾಯೋದ ಮನೆಯ ಅಡುಗೆಮನೆ ಒಲೆಯ ಮೇಲೆ ಮೊದಲ ಹುಳು ಎರಕ ಹೊಯ್ದಿದ್ದಂತೆ. ಅವರ ಹೆಂಡತಿ ಏನಂದರೋ. ನಮಗೆ ಮಾತ್ರ ಹುಳುವಿನಲ್ಲಿ ಏನೂ ಬೀಳಲಿಲ್ಲ. ಎರಡು ಸಲ ಟಕ್ ಅಂತು, ಎರಡು ಸಲವೂ ನಾನು ತಡವಾಗಿ ಹೊಡೆದೆ.

ಮನೆ ತಲುಪಿದಾಗ ಏಳು ಗಂಟೆ. ಬಾಗಿಲಲ್ಲೇ ಮಸಾಲೆ ಘಮ. ಅಕ್ಕ ತೆಂಗಿನಕಾಯಿ ಅರೆದು, ಹುಳಿ ನೆನೆಸಿ, ಕಡುಬು ಬೇಯಿಸಲು ಇಟ್ಟು ಕಾಯುತ್ತಿದ್ದಳು.

"ಮೀನೆಲ್ಲೋ?"

ಹೆಬ್ಬೆರಳು ತೋರಿಸಿದೆ. ಗೀರುಗಳು ಕೆಂಪಗೆ ಎದ್ದಿದ್ದವು. ಭಾವ 13 ಇಂಚಿನ ಕಥೆ ಶುರು ಮಾಡಿದರು, ಅದು ಆಗಲೇ 15 ಆಗಿತ್ತು. ಅಕ್ಕ ಪೂರ್ತಿ ಕೇಳಲಿಲ್ಲ, ಮೊಟ್ಟೆ ಬೇಯಲು ಇಟ್ಟಳು.

ಅದು ಬೇಯುವಷ್ಟರಲ್ಲಿ ನಾನು ರೀಲು ಒರೆಸಿ, ಡ್ರ್ಯಾಗ್ ಸಡಿಲ ಮಾಡಿ, ಗ್ಯಾರೇಜಿನ ಬದಲು ಮನೆಯೊಳಗಿನ ಕಪಾಟಿನಲ್ಲಿ ಇಟ್ಟೆ.