ಚುಕ್ಕಾಣಿಯ ಹಿಡಿ

ಟೊರಾಂಟೊದಲ್ಲಿ ಜನವರಿ. ಒಂಟಾರಿಯೊ ಸರೋವರದ ನಮ್ಮ ಹಾಯಿದೋಣಿಗಳೆಲ್ಲ ಅಕ್ಟೋಬರಿನಲ್ಲೇ ಕ್ರೇನ್ ಹಿಡಿದು ದಡಕ್ಕೆ ಬಂದಿವೆ. ಮೇ ತಿಂಗಳವರೆಗೆ ನಮಗೆ ಮಾತೇ ಗತಿ.

ಇಂದು ಗೆಳೆಯ ವಿಡಿಯೊ ಕರೆಯಲ್ಲಿ ತನ್ನ ಚುಕ್ಕಾಣಿಯ ಹಿಡಿಯನ್ನು ತೋರಿಸಿದ. ಅಡುಗೆಮನೆಯ ಮೇಜಿನ ಮೇಲೆ ಮಲಗಿದೆ, ಪಕ್ಕದಲ್ಲಿ ವಾರ್ನಿಷ್ ಡಬ್ಬಿ. ಹೊರಗಿನ ಚಳಿಯಲ್ಲಿ ವಾರ್ನಿಷ್ ಒಣಗುವುದಿಲ್ಲವಲ್ಲ! ಮೊದಲ ಕೈ ತೆಳ್ಳಗೆ, ಮರ ಕುಡಿಯಬೇಕು. ಒಣಗಿದ ಮೇಲೆ ಸ್ಯಾಂಡ್ ಪೇಪರ್, ಮತ್ತೊಂದು ಕೈ.

ಹಿಡಿಯುವ ಜಾಗದಲ್ಲಿ ಮರ ಕಪ್ಪಾಗಿತ್ತು.
"ಅಲ್ಲಿ ಜಾಸ್ತಿ ಉಜ್ಜಬೇಡ ಮಾರಾಯ," ಎಂದೆ.
ದೋಣಿ ಗಾಳಿಗೆ ವಾಲಿದಾಗ ನೀರಿನ ಒತ್ತಡ ಅಂಗೈಗೆ ತಿಳಿಯುವುದು ಅಲ್ಲೇ.

ಓಡಿಸುವಾಗ ಕಣ್ಣೆಲ್ಲ ಹಾಯಿಯ ಮೇಲೆ. ದೋಣಿಯನ್ನು ಇಷ್ಟು ಹತ್ತಿರದಿಂದ ನೋಡುವುದು ಈ ಖಾಲಿ ತಿಂಗಳುಗಳಲ್ಲೇ ಅನ್ನಿಸಿತು. ಅಷ್ಟರಲ್ಲಿ ಅವನು ಹಗ್ಗಗಳ ವಿಷಯ ತೆಗೆದ. ಮತ್ತೆ ಒಂದು ಗಂಟೆ ಮಾತು.