ಇಬ್ಬರು ಆಂಡರ್ಸನ್, ಒಂದು ಗಾದೆ

ಆ ಬೆಳಿಗ್ಗೆ ನನ್ನ ಯೂನಿಫಾರ್ಮ್ ಜೇಬಿನಲ್ಲಿ ಎರಡು ಮಾತ್ರೆ ಪೊಟ್ಟಣ ಇದ್ದವು. ಎರಡರ ಮೇಲೂ ಆಂಡರ್ಸನ್ ಅಂತಲೇ ಹೆಸರು.

ನಾನು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, ವಯಸ್ಸಾದವರು ಇರುವ ಆರೈಕೆ ಮನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಗಂಡನ ಕೆಲಸದಿಂದಾಗಿ ಇಲ್ಲಿಗೆ ಬಂದವಳು. ಹೊರಗಿನಿಂದ ಬಂದವರಿಗೆ ಎಸ್‌ಎಫ್‌ಐ ಅಂತ ಪುಕ್ಕಟೆ ಸ್ವೀಡಿಷ್ ತರಗತಿ ಇದೆ. ಅದನ್ನು ಮುಗಿಸಿ, ಆರೈಕೆಯ ಕೋರ್ಸ್ ಮಾಡಿ ಈ ಕೆಲಸಕ್ಕೆ ಸೇರಿದೆ. ನಾನು ನರ್ಸ್ ಅಲ್ಲ. ಆದರೆ ನರ್ಸ್ ಒಬ್ಬರು ಕಲಿಸಿ, ಪರೀಕ್ಷಿಸಿ, ಬರೆದು ಸಹಿ ಹಾಕಿಕೊಟ್ಟರೆ ನಮ್ಮಂಥವರೂ ಮಾತ್ರೆ ಕೊಡಬಹುದು. ಅದಕ್ಕೆ ಡೆಲಿಗೇರಿಂಗ್ ಅಂತಾರೆ. ಹೆಚ್ಚೆಂದರೆ ಒಂದು ವರ್ಷಕ್ಕೆ ಮಾತ್ರ ಸಿಗುತ್ತದೆ. ಆಮೇಲೆ ಹೊಸದಾಗಿ ತೆಗೆದುಕೊಳ್ಳಬೇಕು.

ಮಾತ್ರೆಗಳು ಔಷಧಿ ಅಂಗಡಿಯಿಂದಲೇ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ, ಒಂದಕ್ಕೊಂದು ಅಂಟಿಕೊಂಡ ಸುರುಳಿಯಾಗಿ ಬರುತ್ತವೆ. ಪ್ರತಿ ಪೊಟ್ಟಣದ ಮೇಲೂ ಹೆಸರು, ಪರ್ಸೂನ್‌ನುಮ್ಮರ್ ಅನ್ನುವ ಗುರುತಿನ ಸಂಖ್ಯೆ, ದಿನಾಂಕ, ಹೊತ್ತು ಎಲ್ಲಾ ಅಚ್ಚಾಗಿರುತ್ತದೆ. ತಪ್ಪಾಗಲು ಜಾಗವೇ ಇಲ್ಲ ಅನ್ನಿಸುತ್ತದೆ, ಅಲ್ವಾ?

ಅವತ್ತು ಒಬ್ಬರು ರಜೆ ಹಾಕಿದ್ದರು. ಎರಡು ಕೋಣೆಗೂ ಬೇರೆ ಬೇರೆ ಹೋಗುವ ಬದಲು, ಎರಡೂ ಪೊಟ್ಟಣ ಒಟ್ಟಿಗೆ ತೆಗೆದುಕೊಂಡು ತಿಂಡಿ ಮೇಜಿನ ಹತ್ತಿರ ಬಂದೆ. ಅಷ್ಟರಲ್ಲಿ ಕಿಸೆಯಲ್ಲಿದ್ದ ಅಲಾರಂ ಫೋನ್ ಹೊಡೆದುಕೊಂಡಿತು. ಯಾರೋ ಬಾತ್‌ರೂಮಿನಿಂದ ಕರೆಯುತ್ತಿದ್ದರು. ಓಡಿದೆ. ವಾಪಸ್ ಬಂದು, ಮೊದಲು ಕೈಗೆ ಸಿಕ್ಕ ಪೊಟ್ಟಣ ಹರಿದು, ಮೇಜಿನ ಹತ್ತಿರ ಕೂತಿದ್ದ ಆಂಡರ್ಸನ್ ಅಜ್ಜಿಯ ಚಮಚಕ್ಕೆ ಹಾಕಿದೆ. ಅವರು ಹುಳಿ ಮೊಸರಿನ ಜೊತೆ ನುಂಗಿದರು. ಆಮೇಲೆ ಸಹಿ ಹಾಕಲು ಪಟ್ಟಿ ತೆಗೆದಾಗ ಗೊತ್ತಾಯಿತು, ಜೇಬಿನಲ್ಲಿ ಉಳಿದಿದ್ದದ್ದೇ ಅವರ ಪೊಟ್ಟಣ. ನುಂಗಿದ್ದು ಇನ್ನೊಬ್ಬ ಆಂಡರ್ಸನ್ ಅವರ ಬಿಪಿ ಮಾತ್ರೆ. ಈ ಅಜ್ಜಿಗೆ ಮೊದಲೇ ಬಿಪಿ ಕಡಿಮೆ.

ಊರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ತಪ್ಪಾದರೆ ಮೊದಲು ಬರುತ್ತಿದ್ದ ಪ್ರಶ್ನೆ, "ಯಾರು ಮಾಡಿದ್ದು?" ಆ ಹೆದರಿಕೆ ಒಂದು ಕ್ಷಣ ನನ್ನ ಬಾಯಿ ಕಟ್ಟಿಹಾಕಿತು. ಇದನ್ನು ಹೇಳಲೇಬೇಕು, ಯಾಕೆಂದರೆ ಇನ್ನೊಬ್ಬರ ಜೀವಕ್ಕೆ ಕುತ್ತು ಬರುವುದು ಆ ಒಂದು ಕ್ಷಣದಲ್ಲೇ. ನರ್ಸ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಇಷ್ಟೇ: "ಏನಾಯ್ತು? ಎಷ್ಟು ಹೊತ್ತಾಯ್ತು?" ಅಜ್ಜಿಯನ್ನು ಮಲಗಿಸಿ ಅರ್ಧ ಗಂಟೆಗೊಮ್ಮೆ ಬಿಪಿ ನೋಡಿದೆವು. ಮಧ್ಯಾಹ್ನದವರೆಗೂ ಅವರಿಗೆ ತಲೆಸುತ್ತು ಇತ್ತು. ಸಂಜೆಗೆ ಸರಿಹೋಯಿತು.

ಅವತ್ತು ಕಾಫಿ ಹೊತ್ತಿಗೆ ಹಿರಿಯ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಅಂದರು: "ಆವ್ ಸ್ಕಾದನ್ ಬ್ಲೀರ್ ಮಾನ್ ವೀಸ್."

ನನಗೆ ಅರ್ಥವಾದದ್ದು 'ಸ್ಕಾದಾ' ಅನ್ನುವ ಪದ ಒಂದೇ. ಗಾಯ, ಹಾನಿ, ನಷ್ಟ ಎಲ್ಲಕ್ಕೂ ಅದೇ ಪದ. 'ವೀಸ್' ಅಂದರೆ ರೀತಿ ಅಂತ ತರಗತಿಯಲ್ಲಿ ಕಲಿತಿದ್ದೆ. ಹಾಗಾಗಿ, ಹಾನಿ ಮಾಡಿದೆ ಅಂತ ಬೈಯುತ್ತಿದ್ದಾರೆ ಅಂದುಕೊಂಡು ಕಣ್ಣು ತುಂಬಿಕೊಂಡಿತು. ಅವರು ಗಾಬರಿಯಾಗಿ ಬಿಡಿಸಿ ಹೇಳಿದರು. ವೀಸ್ ಅಂದರೆ ವಿವೇಕಿ ಅಂತಲೂ ಹೌದು. ಪೆಟ್ಟು ತಿಂದ ಮೇಲೆ ಮನುಷ್ಯನಿಗೆ ಬುದ್ಧಿ ಬರುತ್ತದೆ ಅನ್ನುವುದು ಗಾದೆ.

ನಮ್ಮಲ್ಲೂ ಇದೆ: ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ನಮ್ಮಮ್ಮ ಅದನ್ನು ಹೇಳಿದರೆ ಬೈಗುಳವೇ. ಬುದ್ಧಿ ಬಂದದ್ದು ತಡವಾಯಿತು, ಇನ್ನೇನು ಉಪಯೋಗ ಅನ್ನುವ ಧಾಟಿ. ಸ್ವೀಡಿಷ್ ಗಾದೆಯಲ್ಲಿ 'ಮಾನ್' ಅಂದರೆ ಯಾರಾದರೂ. ನೀನು ಅಂತ ಬೆರಳು ತೋರಿಸುವುದಿಲ್ಲ. ನನಗೂ ಆಗಿತ್ತು, ನಾಳೆ ಇನ್ನೊಬ್ಬರಿಗೂ ಆಗಬಹುದು ಅನ್ನುವ ಧ್ವನಿ ಅದರಲ್ಲಿದೆ. ಕೆಲವರು "ಆದರೆ ಶ್ರೀಮಂತರಾಗುವುದು ಅಪರೂಪ" ಅಂತ ಬಾಲವನ್ನೂ ಸೇರಿಸುತ್ತಾರೆ.

ಆದರೂ ನನಗೆ ಸಮಾಧಾನ ಆಗಲಿಲ್ಲ. ಗಾಯ ಅಜ್ಜಿಯದು, ಬುದ್ಧಿ ನನಗೆ. ಇದು ಯಾವ ನ್ಯಾಯ?

ಮಾರನೇ ದಿನ ಡೆಲಿಗೇರಿಂಗ್ ವಾಪಸ್ ತೆಗೆದುಕೊಳ್ಳಿ, ಇನ್ನು ಮಾತ್ರೆ ಮುಟ್ಟುವುದಿಲ್ಲ ಅಂದೆ. ನರ್ಸ್ ಇನ್ನೊಂದು ಗಾದೆ ಹೇಳಿದರು: "ಬ್ರೆಂಟ್ ಬಾರ್ನ್ ಶೀರ್ ಎಲ್ಡೆನ್." ಸುಟ್ಟುಕೊಂಡ ಮಗು ಬೆಂಕಿಯಿಂದ ದೂರ ಓಡುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಾಯಿತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು, ಆಮೇಲೆ ಹಾಲು ಕಂಡರೆ ಓಡುತ್ತಿತ್ತಲ್ಲ, ಅದೇ. ಬೆಕ್ಕು ಕಲಿತದ್ದು ಹೆದರಿಕೆ. ಹಾಲು ಆರಿಸಿ ಕುಡಿಯುವುದನ್ನು ಅದು ಕಲಿಯಲೇ ಇಲ್ಲ. ನಾನು ಹೊರಟಿದ್ದೂ ಆ ದಾರಿಯಲ್ಲೇ.

ಅವರು ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಫಾರಂ ತೆರೆದರು. ಅದಕ್ಕೆ ಆವ್ವಿಕೆಲ್ಸೆ ಅಂತ ಹೆಸರು. ದಾರಿ ಬಿಟ್ಟು ಆಚೆ ಸರಿದದ್ದು ಅಂತ ಅರ್ಥ. ಈ ದೇಶದಲ್ಲಿ ಹೀಗೆ ಬರೆದಿಡುವ ಅಭ್ಯಾಸದ ಹಿಂದೆ ದೊಡ್ಡ ನೋವಿದೆ. 1936ರಲ್ಲಿ ಸ್ಟಾಕ್‌ಹೋಮ್‌ನ ಮರಿಯಾ ಆಸ್ಪತ್ರೆಯಲ್ಲಿ ಅರಿವಳಿಕೆ ಔಷಧಿಯ ಬದಲು ಸೋಂಕು ನಿವಾರಕ ದ್ರವವನ್ನು ಚುಚ್ಚಿ ನಾಲ್ಕು ರೋಗಿಗಳು ಸತ್ತರು. ಮರು ವರ್ಷವೇ ಇಂಥದ್ದನ್ನು ಮುಚ್ಚಿಡದೆ ವರದಿ ಮಾಡಬೇಕು ಅನ್ನುವ ನಿಯಮ ಬಂತು. ಇವತ್ತಿಗೂ ಅದನ್ನು ಲೆಕ್ಸ್ ಮರಿಯಾ ಅಂತಲೇ ಕರೆಯುತ್ತಾರೆ. 2011ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ, ತಪ್ಪಿಗೆ ವೈದ್ಯರು ಮತ್ತು ನರ್ಸ್‌ಗಳಿಗೆ ಎಚ್ಚರಿಕೆ ಪತ್ರ ಕೊಡುವ ಶಿಸ್ತುಕ್ರಮವನ್ನೂ ತೆಗೆದರು. ನನ್ನ ತಪ್ಪು ಲೆಕ್ಸ್ ಮರಿಯಾದಷ್ಟು ದೊಡ್ಡದಾಗಿರಲಿಲ್ಲ, ನಮ್ಮಲ್ಲೇ ಪರಿಶೀಲಿಸಿದರು. ಆದರೆ ಆ ನಾಲ್ಕು ಜನರ ಕಥೆ ಕೇಳಿದ ಮೇಲೆ ನನ್ನ ಪ್ರಶ್ನೆಗೆ ದಾರಿ ಕಂಡಿತು. ಗಾಯ ಬೇರೆಯವರದಾದರೆ, ಅದರಿಂದ ಬಂದ ಬುದ್ಧಿಯನ್ನು ನಾನೊಬ್ಬಳೇ ಇಟ್ಟುಕೊಳ್ಳುವ ಹಾಗಿಲ್ಲ.

ನಾನು "ಗಮನ ಕೊಡಲಿಲ್ಲ" ಅಂತ ಬರೆದೆ. ನರ್ಸ್ ಅಳಿಸಲು ಹೇಳಿದರು. "ಗಮನ ಯಾಕೆ ತಪ್ಪಿತು ಅಂತ ಬರಿ." ಎರಡು ಪೊಟ್ಟಣ ಒಟ್ಟಿಗೆ ಜೇಬಿನಲ್ಲಿದ್ದದ್ದು, ಒಂದೇ ಹೆಸರು, ನಡುವೆ ಬಂದ ಅಲಾರಂ, ಒಬ್ಬರು ಕಡಿಮೆ ಇದ್ದದ್ದು, ಎಲ್ಲಾ ಬರೆದೆ. ಎರಡು ವಾರದಲ್ಲಿ ನಮ್ಮ ಮಹಡಿಯ ಪದ್ಧತಿ ಬದಲಾಯಿತು. ಬೆಳಿಗ್ಗೆ ಮಾತ್ರೆ ಕೊಡುವವರ ಹತ್ತಿರ ಅಲಾರಂ ಫೋನ್ ಇರುವುದಿಲ್ಲ. ಒಬ್ಬರಿಗೆ ಕೊಟ್ಟು ಸಹಿ ಹಾಕುವವರೆಗೆ ಇನ್ನೊಬ್ಬರ ಮಾತ್ರೆ ಕಪಾಟು ತೆಗೆಯುವ ಹಾಗಿಲ್ಲ.

ಈಗ ಆ ಗಾದೆಯನ್ನು ನಾನೂ ಬಳಸುತ್ತೇನೆ. ಆದರೆ ಹೊತ್ತು ನೋಡಿಕೊಂಡು. ಪೆಟ್ಟಾದವರನ್ನು ನೋಡಿಕೊಂಡಾಗಿರಬೇಕು, ಫಾರಂ ಬರೆದಾಗಿರಬೇಕು. ಅವರ ಮನೆಯವರ ಎದುರಿಗಂತೂ ಯಾವತ್ತೂ ಆಡುವುದಿಲ್ಲ. ಅಲ್ಲಿ ಕ್ಷಮೆ ಕೇಳಬೇಕು, ಅಷ್ಟೇ.

ಅಜ್ಜಿಯ ಹತ್ತಿರ ಕ್ಷಮೆ ಕೇಳಿದಾಗ ಅವರು ನನ್ನ ಕೈ ಹಿಡಿದುಕೊಂಡು ಪೊಟ್ಟಣ ಕೇಳಿ ಇಸಿದುಕೊಂಡರು. ಕನ್ನಡಕ ಹಾಕಿಕೊಂಡು ಗುರುತಿನ ಸಂಖ್ಯೆಯ ಕೊನೆಯ ನಾಲ್ಕು ಅಂಕೆ ಗಟ್ಟಿಯಾಗಿ ಓದಿದರು. "ನನ್ನದೇ," ಅಂದರು. ಅವತ್ತಿನಿಂದ ದಿನಾ ಬೆಳಿಗ್ಗೆ ಹಾಗೇ. ಅವರು ಓದುತ್ತಾರೆ, ನಾನು ಪಟ್ಟಿಯಲ್ಲಿ ಬೆರಳಿಟ್ಟು ನೋಡುತ್ತೇನೆ, ಆಮೇಲೆ ಪೊಟ್ಟಣ ಹರಿಯುತ್ತೇವೆ.